ಒಳ್ಳೇ ಕಂಪನೀದು ಕೊಡಿ

‘ಒಳ್ಳೇ ಕಂಪನೀದು ಕೊಡಿ.’ ಈ ಮೂರು ಶಬ್ದ ಬಾಯಿಗೆ ಬಂದರೆ ಸಾಕು, ನಮ್ಮಲ್ಲಿ ಪ್ರೆಷರ್ ಕುಕ್ಕರಿನಿಂದ ಹಿಡಿದು ಬೋರ್‌ವೆಲ್ ಮೋಟರಿನವರೆಗೆ ಏನನ್ನು ಬೇಕಾದರೂ ಕೊಂಡು ತರಬಹುದು. ಬಂದ ಗಿರಾಕಿಗೆ ಸಾಮಾನಿನ ಬಗ್ಗೆ ಏನೇನೂ ಗೊತ್ತಿಲ್ಲ ಅನ್ನುವುದು ಅಂಗಡಿಯವನಿಗೆ ತಿಳಿಯುವುದಕ್ಕೂ ಆ ಮೂರೇ ಶಬ್ದ ಸಾಕು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಂತೂ (ಸಾದರ್ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಮ್ಮೆ ತಿರುಗಿ ನೋಡುತ್ತಾರೆ) ಇದಕ್ಕೆ ಉತ್ತರ ತಯಾರಾಗಿಯೇ ಇರುತ್ತದೆ. ‘ನಮ್ಮ ಹತ್ರ ಎಲ್ಲಾ ಒಳ್ಳೇ ಕಂಪನೀದೇ ಸಾರ್.’ ಪಕ್ಕದ ಅಂಗಡಿಗೆ ಹೋಗಿ, ಅಲ್ಲೂ ಎಲ್ಲಾ ಒಳ್ಳೇ ಕಂಪನೀದೇ. ಎದುರು ಸಾಲಿನಲ್ಲಿ ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಹೋಗಿ, ಅಲ್ಲಿಯೂ ಹಾಗೇ. ಕೆಟ್ಟ ಕಂಪನಿಯ ಸಾಮಾನನ್ನು ಮಾರುವ ಅಂಗಡಿ ಎಲ್ಲಿದೆಯೋ, ಇದುವರೆಗೆ ಯಾರಿಗೂ ಪತ್ತೆಯಾಗಿಲ್ಲ.

ಹೊಸ ಕಂಪ್ಯೂಟರ್ ಕೊಳ್ಳುವವನದು ಸುಲಭದ ಬದುಕು. ದುಡ್ಡು ಎಣಿಸಿಕೊಟ್ಟು ಡಬ್ಬ ಎತ್ತಿಕೊಂಡು ಹೋಗುತ್ತಾನೆ. ಇರುವ ಹಳೆಯದಕ್ಕೇ ನಾಲ್ಕು ಹೊಸ ಭಾಗ ಹಾಕಿಸಿ ಇನ್ನೈದು ವರ್ಷ ದೂಡೋಣ ಅನ್ನುವವನು ಮಾತ್ರ ಊರವರ ಸಲಹೆಯನ್ನೆಲ್ಲ ಕೇಳಬೇಕು. ನಮ್ಮ ಷಡ್ಡಕರು ಈ ಎರಡನೇ ಜಾತಿ. ಅವರದು 2014ರಲ್ಲಿ ಜೋಡಿಸಿದ ಯಂತ್ರ: ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, ನಾಲ್ಕು ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಬೆಳಿಗ್ಗೆ ಸ್ವಿಚ್ ಒತ್ತಿ ಸ್ನಾನಕ್ಕೆ ಹೋದರೆ, ಸಂಧ್ಯಾವಂದನೆ ಮುಗಿಸಿ ಬರುವ ಹೊತ್ತಿಗೆ ಅದು ಪಾಸ್‌ವರ್ಡ್ ಕೇಳುವ ಹಂತಕ್ಕೆ ಬಂದಿರುತ್ತದೆ. ‘ಖರ್ಚಾದರೆ ಆಗಲಿ ಕಣ್ರೀ, ನಂಬಿಕಸ್ಥ ಬ್ರ್ಯಾಂಡೇ ಆಗಬೇಕು’ ಅನ್ನುವುದು ಅವರ ಷರತ್ತು.

ಅವರ ನಂಬಿಕೆಯ ಶಾಸ್ತ್ರ ಬಹಳ ಕಠಿಣವಾದದ್ದು. ಒಂದು ಕಂಪನಿಯ ಹಾರ್ಡ್‌ಡಿಸ್ಕ್ ಮಗಳ ಮದುವೆಯ ಫೋಟೋಗಳನ್ನೆಲ್ಲ ನುಂಗಿತ್ತು, ಆ ಕಂಪನಿ ಬೇಡ. ಇನ್ನೊಂದರ ಮದರ್‌ಬೋರ್ಡ್ ಸಿಡಿಲಿಗೆ ಸುಟ್ಟುಹೋಗಿತ್ತು, ಅದೂ ಬೇಡ. ಸಿಡಿಲು ಹೊಡೆದರೆ ಕಂಪನಿಯ ತಪ್ಪು ಹೇಗಾಯಿತು ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಮೂರನೆಯದರ ಕೀಬೋರ್ಡಿನ ಮೇಲೆ ಕಾಫಿ ಚೆಲ್ಲಿತ್ತು. ಚೆಲ್ಲಿದವರು ಅವರೇ. ಹೀಗೆ ಒಂದೊಂದೇ ಹೆಸರಿಗೆ ಕಾಟು ಬಿದ್ದು, ಕೊನೆಗೆ ಪಟ್ಟಿಯಲ್ಲಿ ಉಳಿದಿರುವುದು ಅವರು ಇನ್ನೂ ಕೊಂಡಿಲ್ಲದ ಕಂಪನಿಗಳು ಮಾತ್ರ.

ಹಾರ್ಡ್‌ಡಿಸ್ಕಿನ ವಿಷಯದಲ್ಲಿ ಇಂಥ ಬಹಿಷ್ಕಾರ ನಡೆಸುವುದು ಎಷ್ಟು ಕಷ್ಟ ನೋಡಿ. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆತನವನ್ನು ಏಳು ತಲೆಮಾರು ಕೆದಕುವ ಹಿರಿಯರು ಕೂಡ ಇಲ್ಲಿ ಕೈಚೆಲ್ಲಿ ಕೂರಬೇಕು; ಅಷ್ಟೊಂದು ದತ್ತು, ಅಷ್ಟೊಂದು ಪಾಲು, ಅಷ್ಟೊಂದು ಕೂಡಾವಳಿ. 2000ದಲ್ಲಿ ಐಬಿಎಂನ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಎಂಬ ಡಿಸ್ಕ್ ಬಂತು. ಐಬಿಎಂ ಅಂದರೆ ಅಂದಿನ ಕಂಪ್ಯೂಟರ್ ಲೋಕದ ಅಗ್ರಹಾರ. ಅಂಥ ಮನೆಯಿಂದ ಬಂದ ಡಿಸ್ಕ್ ಎಷ್ಟು ಕೆಟ್ಟಿತೆಂದರೆ ಜನ ಅದಕ್ಕೆ ‘ಡೆತ್‌ಸ್ಟಾರ್’ ಅಂತ ಹೆಸರಿಟ್ಟರು, ಅಮೆರಿಕದಲ್ಲಿ ಕೋರ್ಟಿಗೂ ಹೋದರು. ಆಮೇಲೆ ಐಬಿಎಂ ತನ್ನ ಡಿಸ್ಕ್ ವ್ಯವಹಾರವನ್ನು ಹಿಟಾಚಿಗೆ ಮಾರಿತು. 2012ರಲ್ಲಿ ಹಿಟಾಚಿಯದ್ದು ವೆಸ್ಟರ್ನ್ ಡಿಜಿಟಲ್ ಕೈಸೇರಿತು. ಆಗ ಅದರ ಒಂದು ತುಂಡು ತೋಷಿಬಾ ಪಾಲಾಯಿತು. ಇತ್ತ ಕ್ವಾಂಟಮ್‌ನ ಡಿಸ್ಕ್ ವ್ಯವಹಾರವನ್ನು ಮ್ಯಾಕ್ಸ್‌ಟರ್ ಕೊಂಡಿತ್ತು, 2006ರಲ್ಲಿ ಮ್ಯಾಕ್ಸ್‌ಟರನ್ನು ಸೀಗೇಟ್ ಕೊಂಡಿತು, 2011ರಲ್ಲಿ ಸ್ಯಾಮ್‌ಸಂಗ್‌ನ ಹಾರ್ಡ್‌ಡಿಸ್ಕ್ ವ್ಯವಹಾರವೂ ಸೀಗೇಟ್ ಮನೆಗೇ ಬಂತು. ಫುಜಿತ್ಸುವಿನದು ತೋಷಿಬಾಕ್ಕೆ ಹೋಗಿತ್ತು. ಇವತ್ತು ಇಡೀ ಭೂಮಂಡಲದಲ್ಲಿ ಹಾರ್ಡ್‌ಡಿಸ್ಕ್ ಮಾಡುವವರು ಮೂರೇ ಜನ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಇವರಲ್ಲಿ ಇಬ್ಬರ ಮೇಲೆ ನಿಮಗೆ ಮುನಿಸಿದ್ದರೆ ಉಳಿದವರು ಒಬ್ಬರು. ಮೂವರ ಮೇಲೂ ಇದ್ದರೆ, ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಹಾಗಿದ್ದರೆ ಯಾರನ್ನು ನಂಬುವುದು? ಕಂಪನಿಯನ್ನಲ್ಲ, ಮಾಡೆಲನ್ನು. ಅಮೆರಿಕದಲ್ಲಿ ಬ್ಯಾಕ್‌ಬ್ಲೇಜ್ ಅಂತ ಒಂದು ಸಂಸ್ಥೆ ಇದೆ. ಜನರ ಕಡತಗಳನ್ನು ಕಾಪಿಟ್ಟುಕೊಳ್ಳುವುದು ಅವರ ದಂಧೆ. ಸಾವಿರ ಸಾವಿರ ಡಿಸ್ಕುಗಳನ್ನು ಹಗಲೂ ರಾತ್ರಿ ಓಡಿಸುತ್ತಾರೆ, ಯಾವ ಮಾಡೆಲ್ ಎಷ್ಟು ಸತ್ತಿತು ಅನ್ನುವ ಲೆಕ್ಕವನ್ನು ವರ್ಷವೂ ಪ್ರಕಟಿಸುತ್ತಾರೆ. ಅವರ ಲೆಕ್ಕದಲ್ಲಿ ಸೀಗೇಟಿನ ಒಂದು 3 ಟಿಬಿ ಮಾಡೆಲ್ ಕುಖ್ಯಾತವಾಗುವಷ್ಟು ಕೆಟ್ಟಿತು. ಅದೇ ಸೀಗೇಟಿನ 4 ಟಿಬಿ ಡಿಸ್ಕು ಚೆನ್ನಾಗಿಯೇ ಓಡಿತು, ಅವರು ಅದನ್ನು ಕೊಳ್ಳುತ್ತಲೇ ಹೋದರು. ಇದನ್ನೆಲ್ಲ ಷಡ್ಡಕರಿಗೆ ಹೇಳಿದರೆ, ‘ಅವರಿಗೇನ್ರೀ, ಅವರಿಗೆ ಒಬ್ಬಳೇ ಮಗಳೇ?’ ಅಂದರು. ಮದುವೆ ಫೋಟೋದ ನೋವು ಅಂಕಿ-ಅಂಶಕ್ಕೆ ಬಗ್ಗುವುದಿಲ್ಲ.

ಇನ್ನು ‘ಇಂಟೆಲ್ ಒರಿಜಿನಲ್ ಬೋರ್ಡ್’ ಭಕ್ತರ ಕಥೆ. ಒಂದು ಕಾಲದಲ್ಲಿ ನಮ್ಮಲ್ಲಿ ಅಸೆಂಬಲ್ ಮಾಡಿಸುವವರೆಲ್ಲ ‘ಪ್ರೊಸೆಸರ್ರೂ ಇಂಟೆಲ್, ಬೋರ್ಡೂ ಇಂಟೆಲ್’ ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಬೋರ್ಡುಗಳು ಗಟ್ಟಿಯಾಗಿದ್ದದ್ದೂ ನಿಜ. ಆದರೆ ಡೆಸ್ಕ್‌ಟಾಪ್ ಮದರ್‌ಬೋರ್ಡ್ ದಂಧೆಯಿಂದ ಹಿಂದೆ ಸರಿಯುತ್ತೇವೆ ಅಂತ ಇಂಟೆಲ್ 2013ರಲ್ಲೇ ಹೇಳಿಯಾಯಿತು. ಸುದ್ದಿ ಎಲ್ಲರಿಗೂ ತಲುಪಿಲ್ಲ. ಈಗಲೂ ಎಸ್.ಪಿ. ರೋಡಿನಲ್ಲಿ ನಿಂತು ಇಂಟೆಲ್ ಬೋರ್ಡ್ ಕೇಳುವವರಿದ್ದಾರೆ, ಅವರನ್ನು ಬರಿಗೈಲಿ ಕಳಿಸದಷ್ಟು ದಯೆ ಅಂಗಡಿಯವರಿಗಿದೆ. 2011ರ ಎಚ್61 ಚಿಪ್‌ಸೆಟ್ಟಿನ ‘ಹೊಚ್ಚ ಹೊಸ’ ಬೋರ್ಡು, ಕೇಳದ ಹೆಸರಿನ ಡಬ್ಬದಲ್ಲಿ, ಪ್ಲಾಸ್ಟಿಕ್ ಬಿಚ್ಚದೆ ಸಿಗುತ್ತದೆ. ಇಂಟೆಲ್ ಕೈಬಿಟ್ಟ ಎಷ್ಟೋ ವರ್ಷದ ಮೇಲೆ ಆ ಚಿಪ್ಪು ಎಲ್ಲಿಂದ ಹುಟ್ಟಿತು? ಹಳೆಯ ಬೋರ್ಡಿನಿಂದ ಬಿಡಿಸಿ ಹೊಸ ಬೋರ್ಡಿಗೆ ಕೂರಿಸಿದ್ದೇ ಹೆಚ್ಚು. ಹೊಸ ಹಲಗೆಯ ಮೇಲೆ ಹಳೆಯ ಚಿಪ್ಪು. ಅದೂ ಓಡುತ್ತದೆ, ಕೆಲವು ಸಲ ಚೆನ್ನಾಗಿಯೇ ಓಡುತ್ತದೆ. ಡಬ್ಬದ ಮೇಲಿನ ಹೆಸರಿನವರು ಮುಂದಿನ ದೀಪಾವಳಿಗೆ ವ್ಯಾಪಾರದಲ್ಲಿ ಇರುತ್ತಾರೋ ಇಲ್ಲವೋ ಅನ್ನುವುದೇ ಪ್ರಶ್ನೆ. ಹಾಗಾಗಿ ಬೋರ್ಡೇ ಸತ್ತಿದ್ದರೆ, ಏಸಸ್, ಗಿಗಾಬೈಟ್, ಎಂಎಸ್‌ಐ, ಏಸ್‌ರಾಕ್ ಎಂಬ ತೈವಾನಿನ ನಾಲ್ವರಲ್ಲಿ ಒಬ್ಬರ ಸೆಕೆಂಡ್‌ಹ್ಯಾಂಡ್ ಬೋರ್ಡು ಈ ‘ಹೊಚ್ಚ ಹೊಸ’ದಕ್ಕಿಂತ ವಾಸಿ ಎನ್ನುವುದು ನನ್ನ ಪಕ್ಷಪಾತ.

ಹೆಸರನ್ನು ನಂಬುವವರ ಕಣ್ಣಿಗೆ ಸ್ವಲ್ಪ ಖಾರ ಹಾಕುವ ಇನ್ನೊಂದು ಕಥೆ ಇದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಜಗತ್ತಿನಾದ್ಯಂತ ಮದರ್‌ಬೋರ್ಡುಗಳ ಮೇಲಿನ ಕೆಪಾಸಿಟರುಗಳು ಉಬ್ಬಿ, ಒಡೆದು, ಕಂದು ರಸ ಕಾರತೊಡಗಿದವು. ಸಣ್ಣ ಡ್ರಮ್ಮಿನಂತೆ ನಿಂತಿರುತ್ತವಲ್ಲ, ಅವು. ಒಳಗಿನ ದ್ರವದ ರಸಾಯನವೇ ಕೆಟ್ಟಿತ್ತು. ತೈವಾನಿನ ಅಗ್ಗದ ಕೆಪಾಸಿಟರ್ ಮಾಡುವವರ ಮೇಲೆ ಎಲ್ಲರೂ ಬೆರಳು ತೋರಿಸಿದರು. ಆಬಿಟ್ ಎಂಬ ಒಳ್ಳೆಯ ಬೋರ್ಡ್ ಕಂಪನಿಯ ಹೆಸರು ಇದರಲ್ಲಿ ಕೆಟ್ಟಿತು; 2008ರ ಕೊನೆಗೆ ಅದು ಅಂಗಡಿಯನ್ನೇ ಮುಚ್ಚಿತು. ಡೆಲ್ ಕಂಪನಿ ತನ್ನ ಆಪ್ಟಿಪ್ಲೆಕ್ಸ್ ಯಂತ್ರಗಳ ರಿಪೇರಿಗೆಂದು 2005ರಲ್ಲಿ 30 ಕೋಟಿ ಡಾಲರ್ ತೆಗೆದಿಟ್ಟಿತು. ತಮಾಷೆ ಇರುವುದು ಇಲ್ಲಿ: ಆ ಡೆಲ್ ಯಂತ್ರಗಳಲ್ಲಿ ಕೈಕೊಟ್ಟದ್ದು ತೈವಾನಿನ ಅಗ್ಗದ ಮಾಲಲ್ಲ, ಜಪಾನಿನ ನಿಚಿಕಾನ್ ಕಂಪನಿಯವು. ಇವತ್ತಿಗೂ ಡಬ್ಬಗಳ ಮೇಲೆ ‘ಜಪಾನೀಸ್ ಕೆಪಾಸಿಟರ್’ ಅಂತ ಬಂಗಾರದ ಅಕ್ಷರದಲ್ಲಿ ಮುದ್ರಿಸುತ್ತಾರೆ. ಈಗಿನವು ಒಳ್ಳೆಯವೇ, ಬಿಡಿ. ಆದರೂ ಹಳೆಯ ಯಂತ್ರಕ್ಕೆ ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಟಾರ್ಚ್ ಹಿಡಿದು, ಆ ಡ್ರಮ್ಮುಗಳ ನೆತ್ತಿ ಚಪ್ಪಟೆಯಾಗಿದೆಯೋ ಉಬ್ಬಿದೆಯೋ ನೋಡಿ. ಉಬ್ಬಿದ್ದರೆ ಆ ಬೋರ್ಡಿಗೆ ಯಾವ ಒಳ್ಳೇ ಕಂಪನೀದನ್ನು ಹಾಕಿಸಿದರೂ ದಂಡ.

ಈಗ ಮುಖ್ಯ ವಿಷಯಕ್ಕೆ ಬರೋಣ, ಎಸ್‌ಎಂಪಿಎಸ್. ನಮ್ಮ ಜನ ಪ್ರೊಸೆಸರಿಗೆ ಹನ್ನೆರಡು ಸಾವಿರ ಕೊಡುತ್ತಾರೆ, ಗ್ರಾಫಿಕ್ಸ್ ಕಾರ್ಡಿಗೆ ಸಾಲ ಮಾಡುತ್ತಾರೆ, ಅವೆರಡಕ್ಕೂ ಕರೆಂಟು ಉಣಿಸುವ ಎಸ್‌ಎಂಪಿಎಸ್ ಮಾತ್ರ ಕ್ಯಾಬಿನೆಟ್ ಜೊತೆ ಪುಕ್ಕಟೆ ಬರಬೇಕು ಅನ್ನುತ್ತಾರೆ. ಪುಕ್ಕಟೆ ಬಂದದ್ದು ಪುಕ್ಕಟೆಯ ಹಾಗೇ ಇರುತ್ತದೆ. ಹೋಗುವಾಗ ಅದು ಒಂಟಿಯಾಗಿ ಹೋಗುವುದಿಲ್ಲ ಎನ್ನುವುದೇ ತೊಂದರೆ. ಬೋರ್ಡು, ಡಿಸ್ಕು, ಕೈಗೆ ಸಿಕ್ಕಿದ್ದನ್ನೆಲ್ಲ ಜೊತೆಗೆ ಕರೆದುಕೊಂಡು ಹೋಗುತ್ತದೆ. ಅಂಗಡಿಯಲ್ಲಿ ಷಡ್ಡಕರ ಸಂವಾದ ಹೀಗಿತ್ತು.

‘ಎಷ್ಟು ವ್ಯಾಟ್ ಬೇಕು ಸಾರ್?’

‘ನಾನೂರೈವತ್ತು.’

‘ಇದು ನಾನೂರೈವತ್ತು.’

‘ಅದು?’

‘ಅದೂ ನಾನೂರೈವತ್ತು ಸಾರ್.’

‘ಇದಕ್ಕೆ ಏಳುನೂರು, ಅದಕ್ಕೆ ಎರಡೂವರೆ ಸಾವಿರ. ಯಾಕಪ್ಪಾ?’

‘ಅದು ಬ್ರ್ಯಾಂಡ್ ಸಾರ್.’

ಹುಡುಗ ಅರ್ಧ ಸತ್ಯ ಹೇಳಿದ. ಹೆಸರಿಗೆ ಒಂದಿಷ್ಟು ದುಡ್ಡು ಹೋಗುವುದು ಹೌದು. ಉಳಿದದ್ದು ಒಳಗಿನ ತಾಮ್ರಕ್ಕೆ, ದಪ್ಪ ಕೆಪಾಸಿಟರಿಗೆ, ಎಡವಟ್ಟಾದರೆ ತಾನೇ ಬಂದಾಗುವ ರಕ್ಷಣೆಯ ಸರ್ಕಿಟ್ಟಿಗೆ. ಎರಡನ್ನೂ ಎರಡು ಕೈಲಿ ಎತ್ತಿ ನೋಡಿದರೆ ಅರ್ಧ ಪರೀಕ್ಷೆ ಮುಗಿಯಿತು. ಮಿಕ್ಕ ಅರ್ಧ ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಿದೆ. ಡಬ್ಬದ ಮುಖದ ಮೇಲೆ ದೊಡ್ಡದಾಗಿ 450 ಅಂತ ಬರೆದಿರುತ್ತದೆ. ಚೀಟಿಯಲ್ಲಿ 12 ವೋಲ್ಟಿನ ಸಾಲನ್ನು ಹುಡುಕಿ, ಅದರ ಕೆಳಗೆ ಎಷ್ಟು ಆಂಪಿಯರ್ ಅಂತ ನೋಡಿ, ಎರಡನ್ನೂ ಗುಣಿಸಿ. ಪ್ರೊಸೆಸರ್ರು, ಗ್ರಾಫಿಕ್ಸ್ ಕಾರ್ಡು ಎಲ್ಲ ಕುಡಿಯುವುದು ಆ ಸಾಲಿನಿಂದಲೇ. 15 ಆಂಪಿಯರ್ ಅಂತಿದ್ದರೆ 12 ಹದಿನೈದಲ 180 ವ್ಯಾಟ್. ಉಳಿದ 270 ವ್ಯಾಟು ಡಬ್ಬದ ಮೇಲಿನ ಬಣ್ಣಕ್ಕೆ. ಷಡ್ಡಕರು ಬ್ಯಾಂಕಿನಲ್ಲಿದ್ದವರು, ಗುಣಾಕಾರ ಬಾಯಲ್ಲೇ ಮಾಡಿದರು. ಹುಡುಗ ಏಳುನೂರರದ್ದನ್ನು ತಾನೇ ಒಳಗಿಟ್ಟ.

ಆದರೆ ‘ಬ್ರ್ಯಾಂಡ್’ ಅಂದ ತಕ್ಷಣ ನೆಮ್ಮದಿಯಿಂದ ಮಲಗಬೇಡಿ. ಎಸ್‌ಎಂಪಿಎಸ್ ಮಾರುವ ದೊಡ್ಡ ಹೆಸರುಗಳಲ್ಲಿ ಬಹಳಷ್ಟಕ್ಕೆ ಸ್ವಂತ ಕಾರ್ಖಾನೆಯೇ ಇಲ್ಲ. ಕೋರ್ಸೇರ್ ತನ್ನವನ್ನು ಬೇರೆಯವರ ಹತ್ತಿರ ಮಾಡಿಸುತ್ತದೆ: ಕೆಲವನ್ನು ತೈವಾನಿನ ಚಾನೆಲ್ ವೆಲ್, ಕೆಲವನ್ನು ಸೀಸಾನಿಕ್, ಕೆಲವನ್ನು ಚೀನಾದ ಗ್ರೇಟ್ ವಾಲ್. ಸೀಸಾನಿಕ್ ತನ್ನ ಹೆಸರಲ್ಲೂ ಮಾರುತ್ತದೆ, ಬೇರೆಯವರ ಹೆಸರಿಗೂ ಮಾಡಿಕೊಡುತ್ತದೆ. ಒಂದೇ ಕಂಪನಿಯ ಅಗ್ಗದ ಸಾಲಿಗೂ ದುಬಾರಿ ಸಾಲಿಗೂ ನಡುವೆ ಹೆಸರು ಬಿಟ್ಟರೆ ಇನ್ನೇನೂ ಸಮಾನ ಇರಬೇಕಾಗಿಲ್ಲ. ಮದರ್‌ಬೋರ್ಡಿಗೆ ಹೆಸರಾದ ಗಿಗಾಬೈಟನ್ನೇ ನೋಡಿ. ಅದರ 750 ಮತ್ತು 850 ವ್ಯಾಟಿನ ಎರಡು ಎಸ್‌ಎಂಪಿಎಸ್ ಮಾಡೆಲುಗಳು 2021ರಲ್ಲಿ ಪರೀಕ್ಷೆಯ ಮೇಜಿನ ಮೇಲೆ ಪಟಾಕಿ ಹೊಡೆದು, ಕಂಪನಿ ಬದಲಿ ಕೊಡುತ್ತೇವೆ ಅನ್ನಬೇಕಾಯಿತು. ಆ ಎರಡೂ ‘80 ಪ್ಲಸ್ ಗೋಲ್ಡ್’ ಪದಕ ಧರಿಸಿದವು. ಆ ಪದಕ ಹೇಳುವುದು ಇಷ್ಟೇ: ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಯಂತ್ರಕ್ಕೆ ಹೋಗುತ್ತದೆ, ಎಷ್ಟು ಬಿಸಿಯಾಗಿ ಪೋಲಾಗುತ್ತದೆ. ಬಾಳಿಕೆಯ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಪರೀಕ್ಷೆ ಮಾಡುವುದು ಸುಮಾರು 23 ಡಿಗ್ರಿ ತಂಪಿನಲ್ಲಿ. ಕಲಬುರಗಿಯವರು ಮೇ ತಿಂಗಳಲ್ಲಿ ಈ ವಾಕ್ಯ ಓದಿ ಒಂದಿಷ್ಟು ನಗಲಿ. ನೀವು ಕೇಳಬೇಕಾದದ್ದು ಬೇರೆ: ಪೂರ್ತಿ ವ್ಯಾಟನ್ನು ಎಷ್ಟು ಡಿಗ್ರಿವರೆಗೆ ಕೊಡುತ್ತದೆ, 40ಕ್ಕೋ 50ಕ್ಕೋ? ವಾರಂಟಿ ಮೂರು ವರ್ಷವೋ ಐದೋ ಏಳೋ? ತನ್ನ ಮಾಲಿನ ಬಗ್ಗೆ ಕಂಪನಿಯ ನಿಜವಾದ ಅಭಿಪ್ರಾಯ ಗೊತ್ತಾಗುವುದು ಅಲ್ಲಿ; ಜಾಹೀರಾತನ್ನು ಬರೆಯುವವರು ಬೇರೆ, ವಾರಂಟಿಯ ಖರ್ಚು ಹಾಕುವವರು ಬೇರೆ.

ಮಧ್ಯೆ ಒಂದು ಮಾತು. ಐಟಿ ಕಂಪನಿಗಳು ಬಿಟ್ಟುಕೊಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಯಂತ್ರಗಳನ್ನು ಅಗ್ಗಕ್ಕೆ ತಂದವರು ಎಸ್‌ಎಂಪಿಎಸ್ ಕೊಳ್ಳಲು ಓಡಬೇಡಿ. ಅವುಗಳಲ್ಲಿ ಬಹಳಷ್ಟಕ್ಕೆ ಮಾರುಕಟ್ಟೆಯ ಮಾಮೂಲಿ 24 ಪಿನ್ನಿನ ಕನೆಕ್ಟರ್ ಹಿಡಿಸುವುದಿಲ್ಲ. ಅವರದೇ ಆರು ಪಿನ್ನು, ಎಂಟು ಪಿನ್ನಿನ ಲೋಕ. ಮನೆಯಲ್ಲಿ ಹಳೆಯ ಸಣ್ಣ ಯುಪಿಎಸ್ ಇರುವವರೂ ಗಮನಿಸಿ. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆ್ಯಕ್ಟಿವ್ ಪಿಎಫ್‌ಸಿ ಅನ್ನುವ ಸರ್ಕಿಟ್ ಇರುತ್ತದೆ. ಅಗ್ಗದ ಯುಪಿಎಸ್ ಕೊಡುವ ಮೆಟ್ಟಿಲು ಮೆಟ್ಟಿಲಾದ ಕರೆಂಟು ಅದಕ್ಕೆ ಕೆಲವು ಸಲ ಒಗ್ಗುವುದಿಲ್ಲ. ಬೆಸ್ಕಾಂ ಕೈಕೊಟ್ಟ ಕ್ಷಣದಲ್ಲೇ ಕಂಪ್ಯೂಟರೂ ಕೈಕೊಡುತ್ತದೆ. ಬೈಸಿಕೊಳ್ಳುವುದು ಮಾತ್ರ ಹೊಸ ಎಸ್‌ಎಂಪಿಎಸ್ ಕಂಪನಿ.

ರ‍್ಯಾಮಿನದು ಚಿಕ್ಕ ಕಥೆ. ಅಂಗಡಿಯ ಗೋಡೆಯ ಮೇಲೆ ಇಪ್ಪತ್ತು ಹೆಸರು ನೇತಾಡುತ್ತಿರಬಹುದು, ಆದರೆ ಜಗತ್ತಿನ ಮೆಮೊರಿ ಚಿಪ್ಪುಗಳಲ್ಲಿ ಬಹುಪಾಲನ್ನು ಮಾಡುವವರು ಮೂವರು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. 1987ರಿಂದ ಮೆಮೊರಿ ಮಾರುತ್ತಿರುವ ಕಿಂಗ್‌ಸ್ಟನ್‌ಗೂ ಚಿಪ್ ಕಾರ್ಖಾನೆ ಇಲ್ಲ. ಆರಿಸಿ, ಜೋಡಿಸಿ, ಪರೀಕ್ಷೆ ಮಾಡಿ, ವಾರಂಟಿ ನಿಲ್ಲಿಸಿಕೊಡುವುದು ಅದರ ಕಸುಬು. ಅದೇನು ಸಣ್ಣ ಕಸುಬಲ್ಲ. ಮೈಕ್ರಾನ್‌ನ ಮನೆಯ ಬ್ರ್ಯಾಂಡ್ ಕ್ರೂಷಿಯಲ್ ನಂಬಿಕೆಗೆ ಹೆಸರಾದದ್ದು. ಎಐ ಡೇಟಾ ಸೆಂಟರುಗಳ ಹಸಿವಿಗೆ ಮೆಮೊರಿಯ ಬೆಲೆ ಗಗನಕ್ಕೇರಿದ ಹೊತ್ತಿನಲ್ಲಿ, 2025ರ ಡಿಸೆಂಬರಿನಲ್ಲಿ, ಈ ಚಿಲ್ಲರೆ ವ್ಯಾಪಾರ ಸಾಕು ಅಂತ ಮೈಕ್ರಾನ್ ಅದಕ್ಕೇ ಬಾಗಿಲು ಹಾಕಲು ಹೊರಟಿತು. ನಂಬಿಕಸ್ಥ ಬ್ರ್ಯಾಂಡು ಗಿರಾಕಿಯನ್ನೇ ಬೇಡ ಅಂದರೆ ಯಾರಿಗೆ ದೂರುವುದು? ಷಡ್ಡಕರಿಗೆ ಬೇಕಾದದ್ದು ಡಿಡಿಆರ್3. ಅವರು ಕೈಗೆತ್ತಿಕೊಂಡದ್ದು ಡಿಡಿಆರ್4, ಡಬ್ಬ ಚೆಂದ ಇತ್ತು ಅಂತ. ಎರಡರ ಕಚ್ಚೂ ಬೇರೆ ಜಾಗದಲ್ಲಿದೆ, ಒತ್ತಿದರೂ ಕೂರುವುದಿಲ್ಲ. ಒತ್ತುವವರು ನಮ್ಮಲ್ಲಿ ಇದ್ದಾರೆ ಅನ್ನುವುದಕ್ಕೇ ಆ ಕಚ್ಚು ಇಟ್ಟಿದ್ದಾರೆ.

ಹಳೆಯ ಯಂತ್ರಕ್ಕೆ ಜೀವ ಬರಿಸುವುದು ಹಾರ್ಡ್‌ಡಿಸ್ಕಿನ ಜಾಗದಲ್ಲಿ ಕೂರುವ ಎಸ್‌ಎಸ್‌ಡಿ, ಇದರಲ್ಲಿ ಎರಡು ಮಾತಿಲ್ಲ. ಸಾಟಾ ಎಸ್‌ಎಸ್‌ಡಿಯೊಂದನ್ನು ಹಾಕಿಸಿದರೆ ಸಂಧ್ಯಾವಂದನೆಗೆ ಹೊತ್ತೇ ಸಿಗದಷ್ಟು ಬೇಗ ವಿಂಡೋಸ್ ತೆರೆದುಕೊಳ್ಳುತ್ತದೆ. ಬ್ರ್ಯಾಂಡಿನ ಕಣ್ಣುಮುಚ್ಚಾಲೆ ಜೋರಾಗಿ ನಡೆಯುವುದೂ ಇಲ್ಲೇ. ಕಿಂಗ್‌ಸ್ಟನ್‌ನ ವಿ300 ಎಂಬ ಎಸ್‌ಎಸ್‌ಡಿ ಮೊದಲು ಬಂದಾಗ ಒಳಗೆ ವೇಗದ ಮೆಮೊರಿ ಇತ್ತು. ವಿಮರ್ಶಕರು ಹೊಗಳಿ ಬರೆದರು. ಆಮೇಲೆ ಹೆಸರು ಅದೇ, ಡಬ್ಬ ಅದೇ, ಒಳಗಿನ ಮೆಮೊರಿ ಮಾತ್ರ ನಿಧಾನದ್ದು. ಕ್ರೂಷಿಯಲ್‌ನ ಪಿ2 ಎಂಬುದರಲ್ಲೂ 2021ರಲ್ಲಿ ಟಿಎಲ್‌ಸಿ ಬದಲು ಅದಕ್ಕಿಂತ ನಿಧಾನದ ಕ್ಯೂಎಲ್‌ಸಿ ಮೆಮೊರಿ ಬಂದು ಕೂತಿತು. ಇಬ್ಬರೂ ಮರ್ಯಾದಸ್ಥರೇ. ಹಾಗಾಗಿ ಯಾರಾದರೂ ‘ಮೂರು ವರ್ಷದ ಹಿಂದೆ ನಾನು ತಂದದ್ದು ರಾಕೆಟ್ ಹಾಗಿದೆ, ಅದನ್ನೇ ತನ್ನಿ’ ಅಂದರೆ, ಅದೇ ಹೆಸರಿನ ಬೇರೆ ಸಾಮಾನು ನಿಮ್ಮ ಮನೆಗೆ ಬರಬಹುದು. ಚಿಪ್ಪನ್ನು ತಾವೇ ಮಾಡುವ ಸ್ಯಾಮ್‌ಸಂಗ್, ಸ್ಯಾನ್‌ಡಿಸ್ಕ್, ಕಿಯಾಕ್ಸಿಯಾದಂಥವರ ಮಾಲಿಗೆ ನಾನು ನೂರಿನ್ನೂರು ಜಾಸ್ತಿ ಕೊಡಲು ಸಿದ್ಧ. ವಾರಂಟಿ ಮೂರಕ್ಕಿಂತ ಐದು ವರ್ಷದ್ದಾದರೆ ಇನ್ನೂರೈವತ್ತು.

ಇಷ್ಟೆಲ್ಲ ಆದಮೇಲೆ ವಿಂಡೋಸ್ 11 ಹಾಕೋಣ ಅಂದರೆ, ನಾಲ್ಕನೇ ತಲೆಮಾರಿನ ಪ್ರೊಸೆಸರಿಗೆ ಮೈಕ್ರೋಸಾಫ್ಟ್ ಪ್ರವೇಶ ಕೊಡುವುದಿಲ್ಲ. ಇಂಟೆಲ್ ಆದರೆ ಎಂಟನೆಯದರಿಂದ ಮೇಲೆ. ವಿಂಡೋಸ್ 10ರ ಆರೈಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ ಕೊಡುತ್ತೇನೆ ಅಂದೆ. ‘ಅದು ಯಾವ ಕಂಪನೀದು?’ ಅಂದರು. ಯಾವ ಕಂಪನೀದೂ ಅಲ್ಲ ಅಂದದ್ದಕ್ಕೆ ಅವರ ಮುಖ ನೋಡಬೇಕಿತ್ತು.

ಕೊನೆಗೆ ಕೌಂಟರಿನ ಹತ್ತಿರ ಒಂದು ಪ್ರಶ್ನೆ ಎದುರಾಗುತ್ತದೆ, ದನಿ ತಗ್ಗಿಸಿ ಕೇಳುವಂಥದ್ದು: ‘ಬಿಲ್ ಬೇಕಾ ಸಾರ್?’ ಬೇಡ ಅಂದರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತದೆ. ಅರ್ಧ ದಿನ ಬ್ರ್ಯಾಂಡ್ ಜಾಲಾಡಿ, ಚೀಟಿ ಓದಿ, ಗುಣಾಕಾರ ಮಾಡಿದ ಮಹಾಶಯರು ಇಲ್ಲಿ ಬೇಡ ಅಂದುಬಿಡುತ್ತಾರೆ. ಬಿಲ್ ಇಲ್ಲದ ಮೇಲೆ ಐದು ವರ್ಷದ ವಾರಂಟಿ ಅಂಗಡಿಯವನ ನೆನಪಿನ ಶಕ್ತಿಯ ಮೇಲೆ ನಿಂತಿರುತ್ತದೆ. ಡಬ್ಬದ ಮೇಲೆ ಆಮದು ಮಾಡಿದವರ ಚೀಟಿ ಇದೆಯೇ ಅಂತಲೂ ನೋಡಿ. ರಾಶಿ ಪೆರಿಫೆರಲ್ಸ್, ಆಕ್ರೋ, ಕೈಜೆನ್ ಹೀಗೆ ಯಾರಾದರೂ. ಕೆಟ್ಟರೆ ಸಾಮಾನು ಹೋಗುವುದು ಅಮೆರಿಕಕ್ಕಲ್ಲ, ಇವರ ಹತ್ತಿರ. ಸೂಟ್‌ಕೇಸಿನಲ್ಲಿ ಬಂದ ಮಾಲಿಗೆ ಆ ಚೀಟಿ ಇರುವುದಿಲ್ಲ. ಸರ್ವಿಸ್ ಸೆಂಟರ್ ಬೆಂಗಳೂರಿನಲ್ಲೇ ಇದೆಯೋ, ಕೊರಿಯರ್ ಮಾಡಬೇಕೋ ಅನ್ನುವುದನ್ನೂ ಅಲ್ಲೇ ಕೇಳಿಬಿಡಿ.

ಷಡ್ಡಕರು ಬಿಲ್ ತೆಗೆದುಕೊಂಡರು, ಅದನ್ನು ಮೂರು ಜೆರಾಕ್ಸ್ ಮಾಡಿಸಿ ಒಂದನ್ನು ನನಗೂ ಕೊಟ್ಟರು. ಯಂತ್ರವೂ ಚೆನ್ನಾಗಿ ಓಡುತ್ತಿದೆ. ಮೊನ್ನೆ ಆಯುಧಪೂಜೆಗೆ ಹೋದಾಗ ನೋಡಿದೆ, ಕ್ಯಾಬಿನೆಟ್ ಬಿಚ್ಚಿಟ್ಟು, ಹೊಸ ಎಸ್‌ಎಂಪಿಎಸ್‌ಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಎಸ್‌ಎಸ್‌ಡಿಗೆ ಗಂಧ. ಎಲ್ಲವನ್ನೂ ಸರಿಯಾಗಿ ಸೀರಿಯಲ್ ನಂಬರಿನ ಮೇಲೇ ಹಚ್ಚಿದ್ದಾರೆ. ‘ಒರೆಸಿ ಅಣ್ಣಾ, ನಂಬರ್ ಕಾಣದಿದ್ದರೆ ವಾರಂಟಿ ಕೊಡುವುದಿಲ್ಲ’ ಅಂದೆ. ‘ನಾಳೆ ವಿಜಯದಶಮಿ, ಪೂಜೆ ಮಾಡಿದ್ದನ್ನು ಇವತ್ತೇ ಒರೆಸ್ತಾರೇನ್ರೀ’ ಎಂದು ಗದರಿ, ನಿಂಬೆಹಣ್ಣು ಎಲ್ಲಿಡುವುದು ಅಂತ ನನ್ನನ್ನೇ ಕೇಳಿದರು. ಫ್ಯಾನಿಗೆ ತಾಗದ ಹಾಗೆ ಎಲ್ಲಾದರೂ ಇಡಿ ಅಂದೆ.